ಸೈಕಲ್ಲು ಬಂತು: ಐದು ಸಂದರ್ಶನಗಳ ಹಿಂದಿನ ಕೆಲಸ

ಮೊದಲ ಸಂದರ್ಶನದ ಧ್ವನಿಮುದ್ರಣ 1 ಗಂಟೆ 47 ನಿಮಿಷ ಇತ್ತು. ಮೈಸೂರಿನಿಂದ ತಾಳಗುಪ್ಪಕ್ಕೆ ಬರುವ ರಾತ್ರಿ ರೈಲಿನ ಮೇಲಿನ ಬರ್ತಿನಲ್ಲಿ ಮಲಗಿ ಅದನ್ನು ಮೊದಲಿನಿಂದ ಕೇಳುತ್ತಾ ಬಂದೆ. ಅರಸೀಕೆರೆ ದಾಟುವ ಹೊತ್ತಿಗೆ, ನಾನು ಬರೆದುಕೊಂಡು ಹೋಗಿದ್ದ 42 ಪ್ರಶ್ನೆಗಳಲ್ಲಿ ಒಂದಕ್ಕೂ ನನಗೆ ಬೇಕಾದ ಉತ್ತರ ಸಿಕ್ಕಿಲ್ಲ ಎಂಬುದು ಖಚಿತವಾಗಿತ್ತು. ಕಾದಂಬರಿಕಾರರು ಮಾತಿಗೆ ಹಿಂದೆಗೆದವರೇನೂ ಅಲ್ಲ. ಧಾರಾಳವಾಗಿ, ನಡುನಡುವೆ ಕಾಫಿ ತರಿಸಿಕೊಟ್ಟು, ಎಲ್ಲಕ್ಕೂ ಉತ್ತರಿಸಿದ್ದರು. ಆದರೆ ಆ ಮಾತುಗಳೆಲ್ಲ ಎಷ್ಟೋ ವೇದಿಕೆಗಳ ಮೇಲೆ ಓಡಾಡಿ ಅಂಚು ಸವೆದು ನುಣ್ಣಗಾಗಿದ್ದವು. ಮನೆಗೆ ಬಂದು ಕತ್ತರಿಸಿಟ್ಟುಕೊಂಡಿದ್ದ ಹಳೆಯ ಪತ್ರಿಕೆಯ ಹಾಳೆಗಳನ್ನು ತೆಗೆದು ನೋಡಿದರೆ, ಪಾತ್ರಗಳು ತಮ್ಮ ಕೈ ಹಿಡಿದು ನಡೆಸುತ್ತವೆಂದು ಅವರು ನನಗೆ ಹೇಳಿದ್ದ ಮಾತು ಒಂಬತ್ತು ವರ್ಷಗಳ ಹಿಂದಿನ ಸಂದರ್ಶನವೊಂದರಲ್ಲಿ ಅದೇ ಪದಗಳಲ್ಲಿ, ಅದೇ ಕ್ರಮದಲ್ಲಿ ಅಚ್ಚಾಗಿತ್ತು. ತಪ್ಪು ಅವರದಾಗಿರಲಿಲ್ಲ. ಬರೆಯಲು ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದವನಿಗೆ ಸಿಗಬೇಕಾದ ಉತ್ತರವೇ ನನಗೆ ಸಿಕ್ಕಿತ್ತು.

ಕೆಲಸ ಶುರುವಾದದ್ದು ಹೀಗೆ. ನಮ್ಮ ಕಡೆಯ ಸಣ್ಣ ತ್ರೈಮಾಸಿಕವೊಂದು ಬರವಣಿಗೆಯ ಕಸುಬನ್ನೇ ಕುರಿತ ವಿಶೇಷ ಸಂಚಿಕೆ ತರಬೇಕೆಂದು ಯೋಚಿಸಿತು. ಈಗ ಬರೆಯುತ್ತಿರುವ ಆರು ಮಂದಿಯನ್ನು ಕಂಡು ಮಾತನಾಡಿಸಿ ತರುವ ಹೊಣೆ ನನ್ನ ಪಾಲಿಗೆ ಬಂತು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು, ಕಥೆ ಬರೆಯುವವನಲ್ಲ. ಆದರೆ ಸಾಗರದಲ್ಲಿದ್ದುಕೊಂಡು ಹೆಗ್ಗೋಡಿನ ನೀನಾಸಮ್ ಶಿಬಿರಗಳಲ್ಲಿ ಕೂತು ಬೆಳೆದವನಾದ್ದರಿಂದ, ರಾತ್ರಿ ನೋಡಿದ ನಾಟಕವನ್ನು ಮರುದಿನ ಬೆಳಿಗ್ಗೆ ಬಿಚ್ಚಿ ಹರಡಿಕೊಂಡು ಮಾತನಾಡುವ ರೂಢಿ ಮೈಗೆ ಹತ್ತಿತ್ತು. ಆ ಮಾತುಕತೆಯನ್ನೇ ಒಬ್ಬರ ಮನೆಯ ಜಗಲಿಗೆ ಒಯ್ದರಾಯಿತು, ಮೂರು ತಿಂಗಳಿನ ಕೆಲಸ ಎಂದುಕೊಂಡೆ. ಹಿಡಿದದ್ದು ಹದಿನಾಲ್ಕು ತಿಂಗಳು. ಆರರಲ್ಲಿ ಅಚ್ಚಾದದ್ದು ಐದು.

ಮೈಸೂರಿನ ಸೋಲಿನ ನಂತರ ಪ್ರಶ್ನೆಗಳ ಪಟ್ಟಿಯನ್ನು ಹರಿದು ಹಾಕಿದೆ. ಎರಡನೆಯ ಸಲ ಧಾರವಾಡಕ್ಕೆ ಹೊರಟಾಗ ಚೀಲದಲ್ಲಿದ್ದದ್ದು ಅಲ್ಲಿನ ಕಥೆಗಾರರ ಒಂದೇ ಒಂದು ಕಥೆಯ ಜೆರಾಕ್ಸ್ ಪ್ರತಿ ಮತ್ತು ಒಂದು ಪೆನ್ಸಿಲ್. ಕಥೆ ಹದಿಮೂರು ಪುಟದ್ದು. ಹಳ್ಳಿಯ ಶಾಲೆಯ ಒಬ್ಬ ಮಾಸ್ತರರನ್ನು, ಆಗ ಒಂಬತ್ತು ವರ್ಷದವನಾಗಿದ್ದ ಹುಡುಗ ಈಗ ದೊಡ್ಡವನಾಗಿ ನೆನೆಯುವ ಕಥೆ. ಅದನ್ನು ತರಗತಿಯಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ. ಆದರೂ ಹೊರಡುವ ಹಿಂದಿನ ರಾತ್ರಿ ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದುವಾಗ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು: ಹನ್ನೆರಡು ಪುಟಗಳವರೆಗೆ ಮಾಸ್ತರರು ಎಲ್ಲಿಯೂ ‘ಬರುವುದೇ’ ಇಲ್ಲ. ಅವರ ಸೈಕಲ್ಲು ಬರುತ್ತದೆ. ಅವರ ಕೆಮ್ಮು ಕೇಳಿಸುತ್ತದೆ. ಅವರ ಕೊಡೆ ಬಾಗಿಲ ಮೂಲೆಯಲ್ಲಿ ನಿಲ್ಲುತ್ತದೆ. ಕೊನೆಯ ಪುಟದಲ್ಲಿ, ಅವರು ಮಾಡಿದ ಒಂದು ಕೆಲಸ ಹುಡುಗನಿಗೆ ಗೊತ್ತಾದ ಮೇಲೆ, ಮೊದಲ ಬಾರಿಗೆ ‘ಮಾಸ್ತರ ಬಂದ’ ಎಂಬ ಎರಡು ಪದಗಳ ವಾಕ್ಯವಿದೆ.

ಅವರ ಮುಂದೆ ಕೂತು, ನಮಸ್ಕಾರ ಕುಶಲ ಮುಗಿದ ಕೂಡಲೇ, ಆ ಪುಟಗಳನ್ನು ಮೇಜಿನ ಮೇಲೆ ಹರಡಿ ಸೈಕಲ್ಲಿನ ಸಾಲಿಗೆ ಬೆರಳಿಟ್ಟು ಇದೇಕೆ ಹೀಗೆ ಎಂದು ಕೇಳಿದೆ. ಅವರು ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ಓದಿದರು. ಆಮೇಲೆ ಹೇಳಿದರು: “ನೋಡ್ರಿ ಸರ, ‘ಬಂದರು’ ಅಂದ್ರ ನಾ ಅವರ ಕಾಲಿಗೆ ಬಿದ್ದಂಗ. ‘ಬಂದ’ ಅಂದ್ರ ಅವರ ಕೊಳ್ಳಪಟ್ಟಿ ಹಿಡದಂಗ. ಕತಿಗೆ ಎರಡೂ ಬ್ಯಾಡಾಗಿತ್ತು. ಅದಕ್ಕ ಸೈಕಲ್ ಕಳಿಸಿದೆ.”

ಕನ್ನಡದಲ್ಲಿ ಗದ್ಯ ಬರೆಯುವ ಯಾರೂ ಈ ಇಕ್ಕಟ್ಟನ್ನು ತಪ್ಪಿಸಿಕೊಳ್ಳಲಾರರು. ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಗೌರವ ಕೂತಿರುತ್ತದೆ. ಒಬ್ಬ ಮನುಷ್ಯ ಬಾಗಿಲಿಂದ ಒಳಗೆ ಬಂದದ್ದನ್ನು ಹೇಳಬೇಕಾದರೂ, ಹೇಳುವವನ ವಯಸ್ಸೇನು, ಜಾತಿಯೇನು, ಬಂದವರ ಎದುರು ಅವನು ಎಲ್ಲಿ ನಿಂತಿದ್ದಾನೆ ಎಂಬುದೆಲ್ಲ ‘ದ’ ಮತ್ತು ‘ದರು’ಗಳ ನಡುವಿನ ಆ ಸಣ್ಣ ಸಂದಿಯಲ್ಲಿ ಬಯಲಾಗಿಬಿಡುತ್ತದೆ. ಅದನ್ನು ಮುಚ್ಚಿಡಬೇಕೆಂದರೆ ನಪುಂಸಕ ಲಿಂಗದ ವಸ್ತುವೊಂದನ್ನು ಮುಂದೆ ಕಳಿಸಬೇಕು. ಕಥೆಗಾರರು ಒಳಗೆ ಹೋಗಿ ಒಂದು ರಟ್ಟಿನ ಫೈಲು ತಂದು ಬಿಚ್ಚಿದರು. ಅದೇ ಕಥೆಯ ಏಳು ಕರಡುಗಳು ಅದರಲ್ಲಿದ್ದವು. ಮೊದಲ ಮೂರು ಶಾಯಿಯವು, ಉಳಿದವು ಬಾಲ್ ಪೆನ್ನಿನವು. ಮೊದಲ ಕರಡಿನಲ್ಲಿ ‘ಮಾಸ್ತರರು ಬಂದರು, ಕುರ್ಚಿಯ ಮೇಲೆ ಕುಳಿತರು’ ಎಂದಿತ್ತು. ಎರಡನೆಯದರಲ್ಲಿ ‘ರು’ಗಳನ್ನೆಲ್ಲ ಹೊಡೆದು ಹಾಕಿದ್ದರು. ಮೂರನೆಯದರಲ್ಲಿ ಅದೇ ‘ರು’ಗಳು ಮತ್ತೆ ಸಾಲಿನ ಮೇಲೆ, ಕಾಕಪಾದ ಹಾಕಿಸಿಕೊಂಡು, ಹಿಂತಿರುಗಿದ್ದವು. ನಾಲ್ಕನೆಯ ಕರಡಿನ ಅಂಚಿನಲ್ಲಿ ಓರೆಯಾಗಿ ಒಂದೇ ಪದ: ಸೈಕಲ್? ಆ ಪ್ರಶ್ನಾರ್ಥಕ ಚಿಹ್ನೆಯನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಧ್ವನಿಮುದ್ರಣದಲ್ಲಿ ಆ ಜಾಗದಲ್ಲಿ ಫ್ಯಾನಿನ ಸದ್ದು ಮಾತ್ರ ಇದೆ.

ಅಂದು ಮೂರು ಗಂಟೆ ಮಾತನಾಡಿದೆವು. ಅಷ್ಟರಲ್ಲಿ ಒಂದು ಬಾರಿಯೂ ಸ್ಫೂರ್ತಿ, ಪ್ರೇರಣೆ, ಬದ್ಧತೆ ಎಂಬ ಪದಗಳು ಬರಲಿಲ್ಲ. ಸಂಜೆ ಅವರೇ ನನ್ನನ್ನು ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಕರೆದೊಯ್ದರು. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಈ ಪ್ರಕಾಶನದ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಕೂತಿರುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದು ಇಲ್ಲಿಂದಲೇ. ನಾನು ಕೇಳಬೇಕೆಂದಿದ್ದ ಇನ್ನೊಂದು ಪ್ರಶ್ನೆ, ಅಂದರೆ ನಿಮ್ಮ ಬರಹವನ್ನು ಅಚ್ಚಿಗೆ ಮುಂಚೆ ಓದುವವರು ಯಾರು ಎಂಬುದು, ಆ ಮೆಟ್ಟಿಲು ಹತ್ತುವಾಗ ತಾನಾಗಿಯೇ ಎದ್ದು ಬಂತು. ಅವರು ತಮಗೆ ಅಂಥವರು ಒಬ್ಬರಿದ್ದರೆಂದೂ, ಅವರು ತೀರಿಕೊಂಡ ಮೇಲೆ ಏಳು ಕರಡು ಬರೆಯುವ ಅಭ್ಯಾಸ ಆರಂಭವಾಯಿತೆಂದೂ ಹೇಳಿದರು. ಕನ್ನಡ ಪ್ರಕಾಶನದಲ್ಲಿ ಇಂದು ಹಸ್ತಪ್ರತಿಯ ಮೇಲೆ ಕೂತು ವಾದ ಮಾಡುವ ಸಂಪಾದಕರು ಅಪರೂಪ. ಲೇಖಕರೇ ಬರೆದು, ಲೇಖಕರೇ ಪ್ರೂಫ್ ನೋಡಿ, ಎಷ್ಟೋ ಸಲ ಬೆನ್ನುಡಿಯನ್ನೂ ಲೇಖಕರೇ ಯಾರಿಂದಲೋ ಬರೆಸಿ ತರುವ ಪರಿಸ್ಥಿತಿಯಲ್ಲಿ, ಕರಡುಗಳ ಸಂಖ್ಯೆ ಒಬ್ಬರ ಶಿಸ್ತಿನ ಲೆಕ್ಕವೆಂಬುದಕ್ಕಿಂತ ಒಂಟಿತನದ ಲೆಕ್ಕವೂ ಇರಬಹುದು ಎಂದು ನನಗೆ ಅನ್ನಿಸಿದ್ದು ಆ ಅಟ್ಟದಲ್ಲಿ.

ಕುಂದಾಪುರದ ಕಡೆಯ ಕಥೆಗಾರ್ತಿಯ ಮನೆಗೆ ಹೋದದ್ದು ಜುಲೈನಲ್ಲಿ, ಎಡೆಬಿಡದ ಮಳೆಯಲ್ಲಿ. ಈ ಸಲವೂ ಒಂದು ಕಥೆಯನ್ನಷ್ಟೇ ಹಿಡಿದುಕೊಂಡು ಹೋಗಿದ್ದೆ. ಅವರ ಕಥೆಗಳಲ್ಲಿ ‘ಎಂದಳು’, ‘ಎಂದನು’ಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದರೂ ಯಾರ ಮಾತು ಯಾವುದೆಂದು ಒಮ್ಮೆಯೂ ಗೊಂದಲವಾಗುವುದಿಲ್ಲ. ಇದು ಹೇಗೆ ಸಾಧ್ಯವೆಂದು ಕೇಳಿದಾಗ ಅವರು ಫೋನ್ ತೆಗೆದು ತೋರಿಸಿದರು. ಹೊಸ ಕಥೆಯ ಸಂಭಾಷಣೆಗಳನ್ನೆಲ್ಲ ಮೊದಲು ತಮ್ಮದೇ ದನಿಯಲ್ಲಿ, ಕುಂದಾಪುರದ ಕನ್ನಡದಲ್ಲಿ, ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಧ್ವನಿ ಸಂದೇಶವಾಗಿ ಕಳಿಸಿಕೊಳ್ಳುತ್ತಾರೆ. ಎರಡು ದಿನ ಬಿಟ್ಟು, ಮೀನು ಹೆಚ್ಚುವಾಗಲೋ ಬಟ್ಟೆ ಮಡಿಸುವಾಗಲೋ, ಅದನ್ನು ಕೇಳುತ್ತಾರೆ. ಕೇಳುವಾಗ ಮಾತನಾಡುತ್ತಿರುವುದು ಅತ್ತೆಯೋ ಸೊಸೆಯೋ ತಿಳಿಯದ ಸಾಲುಗಳನ್ನು ಮಾತ್ರ ತಿದ್ದುತ್ತಾರೆ. ತಿದ್ದುವುದೆಂದರೆ ‘ಎಂದಳು’ ಸೇರಿಸುವುದಲ್ಲ. ಮಾತಿನ ಒಳಗೆ ಒಂದು ‘ಅತ್ತೆ’, ಒಂದು ‘ಮಾರಾಯ್ತಿ’, ಒಂದು ‘ಹ್ವಾಯ್’ ಇಡುವುದು. ನಮ್ಮ ಭಾಷೆಯಲ್ಲಿ ‘ಎಂದಳು’ ಬರುವುದು ಮಾತೆಲ್ಲ ಮುಗಿದ ಮೇಲೆ, ಅಷ್ಟು ಹೊತ್ತು ಓದುವವರು ಕತ್ತಲಲ್ಲಿ ಕಾಯಬೇಕು, ಕರೆಯುವ ಪದವಾದರೆ ಮಾತಿನ ಬಾಯಲ್ಲೇ ಇರುತ್ತದೆ ಎಂದು ಅವರು ವಿವರಿಸಿದಾಗ, ಇಷ್ಟು ವರ್ಷ ವ್ಯಾಕರಣ ಕಲಿಸಿದ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನನ್ನ ದೊಡ್ಡ ಎಡವಟ್ಟು ನಡೆದದ್ದೂ ಅದೇ ಮನೆಯಲ್ಲಿ. ಫೋನಿನಲ್ಲೇ ರೆಕಾರ್ಡ್ ಮಾಡುತ್ತಿದ್ದವನು ಅದನ್ನು ಏರೋಪ್ಲೇನ್ ಮೋಡಿಗೆ ಹಾಕಲು ಮರೆತಿದ್ದೆ. 23ನೆಯ ನಿಮಿಷಕ್ಕೆ ಯಾರದೋ ಕರೆ ಬಂದಿದೆ, ನಾನು ಅದನ್ನು ಕತ್ತರಿಸಿದ್ದೇನೆ, ಅಲ್ಲಿಗೆ ಮುದ್ರಣ ನಿಂತುಹೋಗಿದೆ. ಮುಂದಿನ ಒಂದೂವರೆ ಗಂಟೆಯ ಮಾತು ಮಳೆಯ ಪಾಲಾಯಿತು. ಇದು ಗೊತ್ತಾದದ್ದು ಬೈಂದೂರಿನ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲೇ ಕೂತು, ಚೀಲದಲ್ಲಿದ್ದ ಕಾಗದಗಳ ಹಿಂಬದಿಯಲ್ಲಿ ನೆನಪಾದಷ್ಟನ್ನೂ ಬರೆದುಕೊಂಡೆ. ಮರುದಿನ ಫೋನ್ ಮಾಡಿ ತಪ್ಪೊಪ್ಪಿಕೊಂಡಾಗ ಅವರು ಸಿಟ್ಟಾಗಲಿಲ್ಲ. “ನೆನಪಿದ್ದದ್ದು ಓದಿ ಕಾಂಬ ಮಾಷ್ಟ್ರೆ” ಎಂದರು. ಓದಿದೆ. ಒಂಬತ್ತು ಸಂಗತಿಗಳನ್ನು ಬರೆದುಕೊಂಡಿದ್ದೆ. ಅವುಗಳಲ್ಲಿ ನಾಲ್ಕನ್ನು ತಾವು ಹೇಳಿಯೇ ಇಲ್ಲವೆಂದು ಅವರು ನಕ್ಕರು. ಆ ನಾಲ್ಕೂ ನಾನು ಕೇಳಬೇಕೆಂದು ಬಯಸಿ ಹೋಗಿದ್ದ ಮಾತುಗಳು. ಒಂದನ್ನಂತೂ ನಾನೇ ತರಗತಿಯಲ್ಲಿ ಹೇಳುತ್ತಿದ್ದವನು. ಅಂದಿನಿಂದ ಎರಡು ಸಾಧನಗಳಿಲ್ಲದೆ ಯಾರ ಮನೆಗೂ ಹೋಗಿಲ್ಲ. ರೆಕಾರ್ಡರುಗಳ ಬಳಕೆಗೆ ಮುಂಚೆ, 1953ರಲ್ಲಿ ಆರಂಭವಾದ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯ ಮೊದಲ ಲೇಖಕ ಸಂದರ್ಶನಗಳಿಗೆ ಇಬ್ಬಿಬ್ಬರು ಜೊತೆಯಾಗಿ ಹೋಗಿ, ಇಬ್ಬರೂ ಕೈಯಲ್ಲಿ ಬರೆದುಕೊಂಡು, ಆಮೇಲೆ ತಾಳೆ ನೋಡುತ್ತಿದ್ದರಂತೆ. ಅದರ ಮರ್ಮ ನನಗೆ ತಿಳಿದದ್ದು ಬೈಂದೂರಿನಲ್ಲಿ.

ಬೆಂಗಳೂರಿನ ಯುವ ಕಾದಂಬರಿಕಾರ ಸಾಫ್ಟ್‌ವೇರ್ ಕಂಪನಿಯ ಕೆಲಸದ ನಡುವೆ ಬರೆಯುವವನು. ಅವನನ್ನು ಕಂಡಾಗ 2025ರ ಮೇ ತಿಂಗಳ ಸುದ್ದಿ ಇನ್ನೂ ಬಿಸಿಯಾಗಿಯೇ ಇತ್ತು. ಬಾನು ಮುಷ್ತಾಕರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಿತ್ತು, ಕಥಾ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಈ ಹುಡುಗ ತನ್ನ ಲ್ಯಾಪ್‌ಟಾಪ್ ತಿರುಗಿಸಿ ಅರ್ಧ ಬರೆದ ಕಾದಂಬರಿಯ ಒಂದು ವಾಕ್ಯ ತೋರಿಸಿದ. ‘ಅಮ್ಮ ಹಲಸಿನ ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಕೊಟ್ಟೆ ಕಡುಬನ್ನು ಬಡಿಸಿದಳು.’ “ಸರ್, ಇದನ್ನು ಕನ್ನಡದವರಿಗೆ ಯಾಕೆ ಹೇಳ್ತಿದ್ದೀನಿ ನಾನು?” ಎಂದು ತಾನೇ ಕೇಳಿದ. ಅಮ್ಮ ಕಡುಬು ಬಡಿಸಿದರೆ ಸಾಕು. ಎಲೆ, ಹಬೆಗಳೆಲ್ಲ ಮುಂದೆಂದೋ ಬರಬಹುದಾದ ಒಬ್ಬ ದೂರದ ಓದುಗನಿಗಾಗಿ ತನ್ನ ಕೈ ತಾನೇ ಬರೆದದ್ದು ಎಂದು ಅವನಿಗೆ ಮೂರನೆಯ ಓದಿನಲ್ಲಿ ಗೊತ್ತಾಗಿತ್ತು. ಹಾಗೆ ಕಂಡ ವಿವರಣೆಗಳಿಗೆಲ್ಲ ಹಳದಿ ಬಣ್ಣ ಬಳಿದಿದ್ದ; ಇಪ್ಪತ್ತು ಪುಟಗಳಲ್ಲಿ ಮೂವತ್ತೊಂದು ಹಳದಿ ಪಟ್ಟಿಗಳು. ವಿಚಿತ್ರವೆಂದರೆ, ಅತ್ತ ಭಾಸ್ತಿಯವರು ಇಂಗ್ಲಿಷಿನಲ್ಲೇ ಕನ್ನಡ, ಉರ್ದು ಪದಗಳನ್ನು ಅಡಿಟಿಪ್ಪಣಿಯ ಹಂಗಿಲ್ಲದೆ, ಓರೆ ಅಕ್ಷರಕ್ಕೂ ಇಳಿಸದೆ ಹಾಗೆಯೇ ಉಳಿಸಿದ್ದಾರೆ. ಅನುವಾದದಲ್ಲಿ ಬೇಡವೆಂದು ಬಿಟ್ಟ ವಿವರಣೆ ಇಲ್ಲಿ ಮೂಲದೊಳಗೇ ನುಸುಳುತ್ತಿತ್ತು. ಧಾರವಾಡದ ಸೈಕಲ್ಲಿನ ಕಥೆಯನ್ನು ಅವನಿಗೆ ಹೇಳಿದೆ. ‘ಬಂದ’, ‘ಬಂದರು’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದವಾದ್ದರಿಂದ, ಆ ಕಥೆ ಅನುವಾದವಾದರೆ ಸೈಕಲ್ಲಿಗೆ ಕೆಲಸವೇ ಇರುವುದಿಲ್ಲವಲ್ಲ ಎಂದು ಅವನು ಬಹಳ ಹೊತ್ತು ಕೊರಗಿದ.

ಆರನೆಯವರಾದ ನಾಟಕಕಾರರ ಸಂದರ್ಶನದ ಬಗ್ಗೆ ಹೇಳಲು ಹೆಚ್ಚಿಲ್ಲ. ಸೊಗಸಾಗಿ ಮಾತನಾಡಿದರು, ಕೇಳಿದ ಒಂದು ಗಂಟೆಯಲ್ಲಿಯೇ ಮುಗಿಯಿತು, ಒಂದಕ್ಷರವೂ ತಿದ್ದಬೇಕಾಗಲಿಲ್ಲ. ಅಂಥ ಸಂದರ್ಶನಗಳಿಂದ ಸಂಚಿಕೆಗೆ ಲಾಭ, ಸಂದರ್ಶಕನಿಗೆ ಪಾಠವಿಲ್ಲ.

ಮಾತನ್ನು ಕಾಗದಕ್ಕೆ ಇಳಿಸುವ ಕೆಲಸವೇ ನಿಜವಾದ ಕೆಲಸವೆಂದು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಒಂದು ಗಂಟೆಯ ಮುದ್ರಣವನ್ನು ಬರೆದುಕೊಳ್ಳಲು ನನಗೆ ಏಳು ಗಂಟೆ ಹಿಡಿಯುತ್ತಿತ್ತು. ಮಾತನ್ನು ತಾನೇ ಅಕ್ಷರವಾಗಿಸುವ ತಂತ್ರಾಂಶವನ್ನೂ ಬಳಸಿ ನೋಡಿದೆ. ನಾಟಕಕಾರರ ಮಾತನ್ನು ಅದು ತಕ್ಕಮಟ್ಟಿಗೆ ಹಿಡಿಯಿತು. ಧಾರವಾಡದವರ ‘ಬ್ಯಾಡಾಗಿತ್ತು’ ಅದಕ್ಕೆ ‘ಬೇಡ ಆಗಿತ್ತು’ ಎಂದೂ, ‘ಹಿಡದಂಗ’ ಎಂಬುದು ‘ಹಿಡಿದ ಅಂಗ’ ಎಂದೂ ಕೇಳಿಸಿತು. ಕುಂದಾಪುರದ 23 ನಿಮಿಷಗಳಂತೂ ಅದಕ್ಕೆ ಕನ್ನಡವೆಂದೇ ಅನ್ನಿಸಲಿಲ್ಲ. ಕೊನೆಗೆ ಹಳೆಯ ಕ್ರಮವೇ ಗತಿಯಾಯಿತು: ಹತ್ತು ಸೆಕೆಂಡು ಕೇಳು, ನಿಲ್ಲಿಸು, ಬರೆ, ಹಿಂದಕ್ಕೆ ಹೋಗು. ರಾತ್ರಿ ಊಟದ ನಂತರ ಎರಡು ಗಂಟೆಯಂತೆ ಕೂತರೂ ಧಾರವಾಡದ ಒಂದು ಸಂದರ್ಶನಕ್ಕೇ ಹನ್ನೊಂದು ರಾತ್ರಿಗಳು ಬೇಕಾದವು.

ಅಷ್ಟಾದ ಮೇಲೂ ಕೈಯಲ್ಲಿದ್ದದ್ದು ಲೇಖನವಾಗಿರಲಿಲ್ಲ. ಆಡುವ ಮಾತಿನಲ್ಲಿ ವಾಕ್ಯ ಮುಗಿಯುವುದೇ ಇಲ್ಲ. ‘ಅದು’, ‘ಇದು’, ‘ಅಂದ್ರೆ’, ‘ಆ ಥರ’ಗಳನ್ನು ತೆಗೆದರೆ ಅರ್ಧ ಪುಟ ಖಾಲಿಯಾಗುತ್ತದೆ, ತೆಗೆಯದಿದ್ದರೆ ಓದಲಾಗುವುದಿಲ್ಲ. ನಾನು ಮೇಷ್ಟರಲ್ಲವೇ, ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಶಿಷ್ಟ ಕನ್ನಡಕ್ಕೆ ತಿರುಗಿಸಿಬಿಟ್ಟೆ. ಸೈಕಲ್ಲಿನ ಮಾತು ನನ್ನ ಕೈಯಲ್ಲಿ ಹೀಗಾಗಿತ್ತು: ‘ಗೌರವ ಬಹುವಚನವನ್ನು ಬಳಸಿದ್ದರೆ ನಿರೂಪಕನು ಮಾಸ್ತರರಿಗೆ ಶರಣಾದಂತಾಗುತ್ತಿತ್ತು, ಏಕವಚನವನ್ನು ಬಳಸಿದ್ದರೆ ಅವರನ್ನು ಅವಮಾನಿಸಿದಂತಾಗುತ್ತಿತ್ತು. ಆದ್ದರಿಂದ ವಸ್ತುವಾಚಕವನ್ನು ಕರ್ತೃಸ್ಥಾನದಲ್ಲಿ ಇರಿಸಿದೆ.’ ಇದನ್ನು ಒಪ್ಪಿಗೆಗೆಂದು ಕಳಿಸಿದೆ. ನಾಲ್ಕು ದಿನದ ಮೇಲೆ ಅವರ ಫೋನ್ ಬಂತು: “ಸರ, ಇದನ್ನ ಯಾರು ಹೇಳ್ಯಾರ?”

ಅವರು ಕೇಳಿದ್ದು ತಮಾಷೆಗಲ್ಲ. ನಾನು ಬರೆದ ವಾಕ್ಯಗಳಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೆ ಅವು ಯಾರ ಬಾಯಲ್ಲೂ ಇರಲಿಲ್ಲ. ಕಾಲಿಗೆ ಬೀಳುವುದು, ಕೊರಳಪಟ್ಟಿ ಹಿಡಿಯುವುದು, ಸೈಕಲ್ ಕಳಿಸುವುದು, ಹೀಗೆ ಮೂರು ಕ್ರಿಯೆಗಳಾಗಿ ಹೇಳಿದ್ದನ್ನು ನಾನು ಮೂರು ಪಾರಿಭಾಷಿಕ ಪದಗಳಾಗಿ ಮಾಡಿಟ್ಟಿದ್ದೆ. ಕಸುಬಿನ ಬಗ್ಗೆ ಅವರು ಹೇಳಿದ್ದು ಮಾತಿನ ಅರ್ಥದಲ್ಲಿ ಎಷ್ಟಿತ್ತೋ ಮಾತಿನ ರೀತಿಯಲ್ಲೂ ಅಷ್ಟೇ ಇತ್ತು. ಎಲ್ಲವನ್ನೂ ಅಳಿಸಿ, ಮುದ್ರಣವನ್ನು ಮತ್ತೆ ಕೇಳಿ, ಅವರ ಪದ, ಅವರ ಕ್ರಮ ಉಳಿಸಿ ಎರಡನೆಯ ಸಲ ಬರೆದೆ. ಮೂರನೆಯ ಸಲ, ಬೇರೆ ಪ್ರಾಂತದವರಿಗೆ ತೊಡಕಾಗಬಹುದಾದ ಕೆಲವು ರೂಪಗಳನ್ನಷ್ಟೇ ಹದಗೊಳಿಸಿದೆ. ಸಂದರ್ಶನವೊಂದಕ್ಕೆ ನಾನೂ ಕರಡುಗಳ ಲೆಕ್ಕ ಇಡುವಂತಾಗಿತ್ತು.

ಹಾಗಾದರೆ ಎಲ್ಲರ ಮಾತನ್ನೂ ಅವರವರ ಪ್ರಾಂತದ ಕನ್ನಡದಲ್ಲೇ ಉಳಿಸುವುದೆಂದು ನಿಯಮ ಮಾಡಿಕೊಂಡು, ಕುಂದಾಪುರದ ಸಂದರ್ಶನವನ್ನೂ ಅದೇ ರೀತಿ ಸಿದ್ಧಪಡಿಸಿ ಕಳಿಸಿದೆ. ಕಥೆಗಾರ್ತಿ ಇಡೀ ಪ್ರತಿಯನ್ನು ಕೆಂಪು ಶಾಯಿಯಲ್ಲಿ ಶಿಷ್ಟ ಕನ್ನಡಕ್ಕೆ ತಿದ್ದಿ ಹಿಂದಿರುಗಿಸಿದರು. ನನಗೆ ಬೇಸರವಾಯಿತು, ವಾದವನ್ನೂ ಮಾಡಿದೆ. ನಿಮ್ಮ ಪಾತ್ರಗಳೆಲ್ಲ ಆ ಭಾಷೆಯಲ್ಲೇ ಮಾತನಾಡುತ್ತವಲ್ಲ ಎಂದೆ. ಅವರ ಉತ್ತರ ಸ್ಪಷ್ಟವಾಗಿತ್ತು: ಕಥೆಯೊಳಗೆ ಆ ಭಾಷೆಯ ಸುತ್ತ ಮನೆಯಿದೆ, ಜನರಿದ್ದಾರೆ, ಅಲ್ಲಿ ಅದನ್ನು ಕಾಯಲು ತಾವಿದ್ದೇವೆ, ಸಂದರ್ಶನದಲ್ಲಿ ಅದು ಒಂಟಿಯಾಗಿ ನಿಲ್ಲುತ್ತದೆ, ಸಿನಿಮಾದ ಹಾಸ್ಯಪಾತ್ರಗಳ ಬಾಯಲ್ಲಿ ಅದನ್ನು ಕೇಳಿ ನಗುವುದಕ್ಕೆ ಅಭ್ಯಾಸವಾದ ಜನ ತಮ್ಮ ವಿಚಾರ ಓದುವುದನ್ನು ಬಿಟ್ಟು ಅದನ್ನೇ ಓದುತ್ತಾರೆ. “ಧಾರ್ವಾಡದವ್ರ ಕನ್ನಡಕ್ಕೆ ಬೇಂದ್ರೆ ಇದ್ರ್, ಮಾಷ್ಟ್ರೆ. ಅವ್ರಿಗೆ ಧೈರ್ಯ ಇತ್ತ್” ಎಂದು ಕೊನೆಗೆ ಸೇರಿಸಿದ್ದನ್ನು ಮಾತ್ರ ಹಾಗೆಯೇ ಅಚ್ಚು ಹಾಕಿಸಲು ಅನುಮತಿ ಕೊಟ್ಟರು. ಹೀಗೆ ಒಂದೇ ಸಂಚಿಕೆಯಲ್ಲಿ ಒಬ್ಬರು ತಮ್ಮ ಮಾತಿನಲ್ಲೂ ಇನ್ನೊಬ್ಬರು ಪುಸ್ತಕದ ಕನ್ನಡದಲ್ಲೂ ಮಾತನಾಡುವಂತಾಯಿತು. ಏಕರೂಪತೆ ಇಲ್ಲವೆಂದು ಆಮೇಲೆ ಒಬ್ಬ ವಿಮರ್ಶಕರು ಆಕ್ಷೇಪಿಸಿದರು. ಇರಲಿಲ್ಲ, ನಿಜ.

ಪ್ರತಿಯನ್ನು ಅಚ್ಚಿಗೆ ಮುಂಚೆ ಲೇಖಕರಿಗೆ ತೋರಿಸುವುದೇ ತಪ್ಪು, ಪತ್ರಕರ್ತನಾದವನು ಹಾಗೆ ಮಾಡಬಾರದು ಎಂದು ವಾದಿಸುವ ಗೆಳೆಯರು ನನಗಿದ್ದಾರೆ. ಅಧಿಕಾರಿಯನ್ನೋ ರಾಜಕಾರಣಿಯನ್ನೋ ಪ್ರಶ್ನಿಸುವಾಗ ಅವರ ಮಾತು ಸರಿ. ಆದರೆ ವಾಕ್ಯ ಕಟ್ಟುವುದನ್ನೇ ಬದುಕು ಮಾಡಿಕೊಂಡವರನ್ನು ವಾಕ್ಯ ಕಟ್ಟುವ ಬಗ್ಗೆ ಕೇಳಿ, ಅವರ ಬಾಯಿಂದ ಜಾರಿದ ಮೊದಲ ಕರಡನ್ನೇ ಅಚ್ಚು ಹಾಕುವುದು ನನಗೆ ಸರಿ ಕಾಣುವುದಿಲ್ಲ. ‘ಪ್ಯಾರಿಸ್ ರಿವ್ಯೂ’ ಕೂಡ ಲೇಖಕರಿಗೆ ತಿದ್ದಲು ಅವಕಾಶ ಕೊಡುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಯುವ ಕಾದಂಬರಿಕಾರ ಹಳದಿ ಪಟ್ಟಿಗಳ ಸಂಗತಿಯನ್ನು ಪೂರ್ತಿ ತೆಗೆದು, ಅದರ ಬದಲು ಜಾಗತೀಕರಣದ ಬಗ್ಗೆ ಒಂದು ಪುಟ ಸೇರಿಸಿ ಕಳಿಸಿದ. ಕೊಟ್ಟೆ ಕಡುಬನ್ನು ವಾಪಸ್ಸು ತರಿಸಲು ನನಗೆ ಮೂರು ಫೋನ್ ಕರೆಗಳು ಬೇಕಾದವು.

ಹಿರಿಯ ಕವಿಯೊಬ್ಬರ ಸಂದರ್ಶನ ಬೆಲೆಯ ಇನ್ನೊಂದು ರೂಪ. ಆರರಲ್ಲಿ ಅತ್ಯುತ್ತಮವಾಗಿದ್ದದ್ದು ಅದೇ. ಒಂದು ಸಾಲಿನ ಎರಡನೆಯ ಪದವನ್ನು ಹನ್ನೆರಡು ವರ್ಷಗಳ ನಂತರ ಬದಲಿಸಿದ ಕಥೆ ಅದರಲ್ಲಿತ್ತು. ಪ್ರತಿ ಕಳಿಸಿ ಎರಡು ತಿಂಗಳು ಕಾದ ಮೇಲೆ ಅಂಚೆ ಕಾರ್ಡೊಂದು ಬಂತು: ‘ಅಚ್ಚು ಹಾಕಿಸಬೇಡಿ. ಕಾರಣ ಕೇಳಬೇಡಿ. ಆರೋಗ್ಯ ನೋಡಿಕೊಳ್ಳಿ.’ ಕೇಳಲಿಲ್ಲ. ಆ ಧ್ವನಿಮುದ್ರಣವನ್ನು ಅಳಿಸಿದೆ. ಆ ಪದ ಯಾವುದೆಂದು ನನಗೆ ಗೊತ್ತಿದೆ ಎಂಬುದನ್ನೂ ಇಲ್ಲಿ ಬರೆಯಬಾರದಿತ್ತೇನೋ.

ಅಚ್ಚಿನ ಮನೆಯ ಕಷ್ಟಗಳು ಉಳಿದವರಿಗೂ ಗೊತ್ತಿರುವಂಥವೇ. ನಾನು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಡಿಟಿಪಿಯವರು ತಮ್ಮ ಹಳೆಯ ಫಾಂಟಿಗೆ ಬದಲಾಯಿಸಿದಾಗ ಅರ್ಕಾವತ್ತುಗಳು ಚದುರಿಹೋದವು, ಒತ್ತಕ್ಷರಗಳು ಪಕ್ಕದ ಮನೆಗೆ ಹೋಗಿ ಕೂತವು. ಅವುಗಳನ್ನೆಲ್ಲ ಹಿಡಿದು ತರುವ ಭರದಲ್ಲಿ ಒಂದು ಕಣ್ತಪ್ಪಿತು. ಧಾರವಾಡದ ಸಂದರ್ಶನದಲ್ಲಿ, ಕಥೆ ಹದಕ್ಕೆ ಬಂದದ್ದು ‘ಏಳನೆಯ ಕರಡಿಯಲ್ಲಿ’ ಎಂದು ಅಚ್ಚಾಯಿತು. ಸಾವಿರ ಪ್ರತಿಗಳಲ್ಲೂ ಆ ಕರಡಿ ಇದೆ. ಯಾರೂ ಪತ್ರ ಬರೆದು ದೂರಲಿಲ್ಲ. ಅದೊಂದು ಹೊಸ ರೂಪಕವೆಂದು ಭಾವಿಸಿದರೋ ಏನೋ.

ಸಂಚಿಕೆ ಹೊರಬಂದ ನಂತರ ಮೈಸೂರಿನ ಕಾದಂಬರಿಕಾರರನ್ನು ಇನ್ನೊಮ್ಮೆ ಕಂಡೆ. ಅವರ ಆ ನುಣ್ಣಗಿನ ಸಂದರ್ಶನವನ್ನೂ ಅನಿವಾರ್ಯವಾಗಿ ಪ್ರಕಟಿಸಿದ್ದೆವು. ಉಳಿದ ನಾಲ್ಕನ್ನೂ ಓದಿದ್ದ ಅವರು, “ನನ್ನನ್ನೇಕೆ ಸಾಲು ಹಿಡಿದು ಕೇಳಲಿಲ್ಲ ನೀವು?” ಎಂದರು. ಸ್ವರದಲ್ಲಿ ಸ್ವಲ್ಪ ನೋವಿತ್ತು. ಮೊದಲು ನಿಮ್ಮಲ್ಲಿಗೆ ಬಂದದ್ದರಿಂದ ಎಂದು ಹೇಳುವುದು ಹೇಗೆಂದು ತಿಳಿಯದೆ, ಮುಂದಿನ ಡಿಸೆಂಬರಿಗೆ ದಿನ ಗೊತ್ತುಮಾಡಿಕೊಂಡು ಬಂದೆ. ಯಾವ ಕಾದಂಬರಿಯ ಯಾವ ಪುಟ ಎಂಬುದನ್ನು ಈಗಾಗಲೇ ಗುರುತು ಹಾಕಿಟ್ಟಿದ್ದೇನೆ.

ಧಾರವಾಡಕ್ಕೂ ಹೋಗಿದ್ದೆ. ಕಥೆಗಾರರ ಮೇಜಿನ ಮೇಲೆ ಸಂಚಿಕೆ ತೆರೆದಿತ್ತು. ಕರಡಿಯ ಬಗ್ಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವರು ಪುಟ ನನ್ನ ಕಡೆ ತಿರುಗಿಸಿದರು. ಕರಡಿಯನ್ನು ಅವರು ಮುಟ್ಟಿರಲಿಲ್ಲ. ಪೆನ್ಸಿಲ್ ಗುರುತು ಇದ್ದದ್ದು ತಮ್ಮದೇ ಮಾತಿನ ಮೇಲೆ. ‘ಅದಕ್ಕ ಸೈಕಲ್ ಕಳಿಸಿದೆ’ ಎಂಬಲ್ಲಿ ‘ಅದಕ್ಕ’ ಎಂಬುದನ್ನು ಹೊಡೆದು ಹಾಕಿದ್ದರು. ಎರಡು ಸಲ ಓದಿ ನೋಡಿದೆ, ಅದು ಬೇಕಾಗಿರಲಿಲ್ಲ. ಮನೆಗೆ ಬಂದು ನನ್ನ ಪ್ರತಿಯಲ್ಲೂ ತೆಗೆದೆ. ಮೇಲೆ, ಈ ಬರಹದಲ್ಲಿ, ಅವರು ಅಂದು ಹೇಳಿದ್ದನ್ನು ಹೇಳಿದಂತೆಯೇ ಬಿಟ್ಟಿದ್ದೇನೆ.